ಮೇಡಂ, ಮೋಡೆಮ್ ಮತ್ತು ಬಣ್ಣದ ಕೊಕ್ಕರೆ

ಯಾದವಗಿರಿಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ನಗು ಬರಿಸುವಂಥದ್ದು ಏನಾದರೊಂದು ನಡೆಯದೆ ಶಟರ್ ಎಳೆದ ದಿನಗಳೇ ಕಡಿಮೆ. ಆದರೆ ಒಬ್ಬರೇ ಗಿರಾಕಿ ವಾರವಿಡೀ ನಗಿಸಿ, ಜೊತೆಗೆ ಬೆರಗಾಗುವಂತೆಯೂ ಮಾಡಿದ್ದು ಒಂದೇ ಸಲ.

ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಎಪ್ಪತ್ತು ದಾಟಿದೆ, ಕೈಯಲ್ಲಿ ಬಟನ್ ಫೋನು. ಎಲ್ಲರಿಗೂ ಅವರು ಮೇಡಂ. ನನ್ನಿಂದಲೇ ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದರು. ವಿಂಡೋಸ್ ಅದಕ್ಕೆ ಭಾರವೆಂದು ಲಿನಕ್ಸ್ ಹಾಕಿಕೊಟ್ಟಿದ್ದೆ. ಅದರ ಹೊಟ್ಟೆಯಲ್ಲೇ ಮೊಬೈಲ್ ಮೋಡೆಮ್ ಇತ್ತು; ಸಿಮ್ ಹಾಕಿದರೆ ಎಲ್ಲಿ ಕೂತರೂ ಇಂಟರ್ನೆಟ್ ಬರಬೇಕು.

"ಶುಕ್ರವಾರ ಬೆಳಿಗ್ಗೆ ಇಲವಾಲದ ಕಡೆ ಕೆರೆ ದಂಡೆಯಿಂದ ಶಾಲೆ ಮಕ್ಕಳಿಗೆ ವಿಡಿಯೋದಲ್ಲಿ ಹಕ್ಕಿ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ ಕಣಮ್ಮ. ನಲವತ್ತು ಮಕ್ಕಳು ತರಗತಿಯಲ್ಲಿ ಕಾಯ್ತಿರ್ತಾರೆ," ಅಂದರು. ಅಂದು ಸೋಮವಾರ.

೧. ಜೊತೆಗಾರ ಸಿಮ್

"ಸಿಮ್ ಹಾಕಿದೀನಿ, ಆದ್ರೂ ಬರ್ತಿಲ್ಲ." ಸಿಮ್ಮಿನ ಜಾಗ ನೋಡಿದರೆ ಖಾಲಿ. ಅಲ್ಲಾಡಿಸಿದರೆ ಒಳಗೇನೋ ಕಟಕಟ. ತಳ ಬಿಚ್ಚಿದೆ. ಗಾಳಿಯಾಡುವ ಸಂದಿಯಿಂದ ಒಳಗೆ ಬಿದ್ದ ಸಿಮ್ ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೊಂದು!

"ಎರಡು ಯಾಕೆ ಮೇಡಂ?"

"ಹೊಸದು ಒಳಗೆ ಹೋಗಿ ಸುಮ್ಮನೆ ಕೂತ್ಬುಡ್ತು. ಒಂಟಿಯಾಗಿ ಹೆದರಿದೆಯೇನೋ ಅಂತ ಫೋನಿಂದು ತೆಗೆದು ಜೊತೆಗೆ ಕಳಿಸ್ದೆ."

೨. ಲೋ ಪವರ್

ಹೊಸ ಸಿಮ್ ಫ್ಯಾನಿಗೆ ಸಿಕ್ಕಿ ಹಾಳಾಗಿತ್ತು. ಫೋನಿನ ಸಿಮ್ಮನ್ನೇ ಸರಿಯಾದ ಜಾಗದಲ್ಲಿ ಕೂರಿಸಿದೆ. ಲಿನಕ್ಸ್‌ಗೆ ಮೋಡೆಮ್ ಕಾಣಿಸಿತು, ಆದರೆ ಏನು ಮಾಡಿದರೂ ಆನ್ ಆಗಲೊಲ್ಲದು. ಪರದೆಯ ಮೇಲೆ 'ಲೋ ಪವರ್' ಅಂತ ಒಂದೇ ಹಟ.

ಅಂಗಡಿಯ ಇನ್ನೊಂದು ಪಕ್ಕದಲ್ಲಿ ನಮ್ಮ ಮಾವನವರ ಜೆರಾಕ್ಸ್ ಮಷೀನು. ನಾನು ಮೂರನೇ ಸಲ "ಥೂ, ಲೋ ಪವರ್" ಅಂದದ್ದೇ, ಅವರು ಎದ್ದು ಮನೆಗೆ ಹೋಗಿ ಸ್ಟೆಬಿಲೈಸರ್ ಹೊತ್ತು ತಂದರು.

"ಇದುನ್ನ ಆಕವ್ವ. ನಮ್ಮ ಫ್ರಿಜ್ಜೂ ಇಂಗೇ ಆಡ್ತಿತ್ತು, ಇದಾಕಿದ್ಮೇಲೆ ತೆಪ್ಪಗಾಯ್ತು."

೩. ಬೀಗ

ಬುಧವಾರ ಬಂದರೂ ಮೋಡೆಮ್ ಜಗ್ಗಲಿಲ್ಲ. ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಇದರ ಬಗ್ಗೆ ಬರೆದಿರೋದು ಏನಾದ್ರೂ ಇದ್ರೆ ತೆಗೆದು ಕೊಡು, ನೀನು ಬೇರೆ ಕೆಲಸ ನೋಡ್ಕೊ."

ಇಂಗ್ಲಿಷ್ ಕೈಪಿಡಿ ತೆರೆದುಕೊಟ್ಟೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಒಂದೂವರೆ ಗಂಟೆ ಓದಿದರು.

"ಇಲ್ನೋಡಮ್ಮ. ಇದು ಕೆಟ್ಟಿಲ್ಲ. ತಯಾರಿಸಿದೋರೇ ಇದರ ರೇಡಿಯೋಗೆ ಬೀಗ ಹಾಕಿದಾರೆ. ತೆಗೆಯೋ ಕೀನೂ ಲಿನಕ್ಸ್ ಒಳಗೇ ಇದೆಯಂತೆ, ನಾವಾಗಿ ಜೋಡಿಸ್ಬೇಕಷ್ಟೆ."

ಅವರು ಹೇಳಿದ ಒಂದೇ ಒಂದು ಸಾಲನ್ನು ಟೈಪ್ ಮಾಡಿ, ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಎದ್ದು ನಿಂತವು.

"ಹೇಗೆ ಹಿಡಿದ್ರಿ ಮೇಡಂ?"

"ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದೀನಿ. ಅದಕ್ಕೆ ಹೋಲಿಸಿದ್ರೆ ಇದರಲ್ಲಿ ಅರ್ಥ ಇದೆ."

೪. ಮೊದಲ ಮೆಸೇಜು

ಗುರುವಾರ ವಿಡಿಯೋ ಎಲ್ಲ ನಡೆಸಿ ನೋಡಿ, ತಗೊಂಡು ಹೋಗಿ ಅನ್ನಲು ಮೇಡಂಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮೆಸೇಜ್ ಕಳಿಸಿದೆ. ಅವರ ಸಿಮ್ಮು ನನ್ನ ಎದುರಿನ ಲ್ಯಾಪ್‌ಟಾಪಿನಲ್ಲೇ ಇದೆ ಅನ್ನುವುದು ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಟಿಂಗ್ ಅಂತು. ಮೋಡೆಮ್‌ಗೆ ಬಂದ ಮೊದಲ ಮೆಸೇಜು! ಖುಷಿಯಲ್ಲಿ ಮಾವನವರಿಗೆ ಗಟ್ಟಿಯಾಗಿ ಓದಿದೆ: "ನಮಸ್ತೆ ಮೇಡಂ, ಎಲ್ಲ ಸರಿಹೋಗಿದೆ, ಬನ್ನಿ."

ಮಾವನವರ ಕಣ್ಣು ಅಗಲವಾಯಿತು. "ಪರ್ವಾಗಿಲ್ವೇ! ಮಷೀನು ನಿನ್ನೂ ಮೇಡಂ ಅಂತದೆ!"

೫. ಕೆರೆ ದಂಡೆ

ಶುಕ್ರವಾರ ನಾನೂ ಹೋದೆ. ಕೆರೆ ನಡುವಿನ ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಸಿಗ್ನಲ್ ಎರಡೇ ಕಡ್ಡಿ. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ಆಮೇಲೆ ಇಡೀ ತರಗತಿ ಮೂಡಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮೋಡೆಮ್ ಕಾರ್ಡು ನಲವತ್ತು ಮಕ್ಕಳನ್ನು ಕೆರೆಗೆ ಕರೆತಂದಿತ್ತು! ನಾನೇ ಬಿಚ್ಚಿ ನೋಡಿದ ಮಷೀನಾದರೂ ನಂಬಲಾಗಲಿಲ್ಲ.

ಮೇಡಂ ಕ್ಯಾಮೆರಾ ನೀರಿನ ಕಡೆ ಬರಲೆಂದು ಲ್ಯಾಪ್‌ಟಾಪನ್ನು ಮೆಲ್ಲಗೆ ತಿರುಗಿಸಿ, "ಕಾಣಿಸ್ತಾ ಮಕ್ಕಳೇ?" ಎಂದು ಪಿಸುಗುಟ್ಟಿದರು. ಸ್ಪೀಕರ್ ಪೂರ್ತಿ ಜೋರಿಗಿದ್ದದ್ದನ್ನು ಇಬ್ಬರೂ ಗಮನಿಸಿರಲಿಲ್ಲ.

"ಕಾಣಿಸ್ತಿದೆ ಮೇಡಂ!" ನಲವತ್ತು ಗಂಟಲು ಒಟ್ಟಿಗೆ ಕೆರೆಯ ಮೇಲೆ ಅರಚಿದವು.

ಅಷ್ಟೂ ಹಕ್ಕಿ ಒಂದೇ ಏಟಿಗೆ ಎದ್ದವು. ಬಿಳಿ, ಕಪ್ಪು, ಗುಲಾಬಿ ರೆಕ್ಕೆಗಳು ನಮ್ಮ ತಲೆ ಮೇಲೆ ಒಂದು ಸುತ್ತು ಬಂದು ದೂರ ಸರಿದವು. ಮರಗಳೆಲ್ಲ ಬರಿದು. ಮೇಡಂ ತಲೆ ಮೇಲೆ ಕೈಹೊತ್ತು, "ಅಯ್ಯೋ, ಎಲ್ಲ ಹೋದ್ವಲ್ಲಮ್ಮ," ಅಂದರು.

ಲ್ಯಾಪ್‌ಟಾಪಿನಿಂದ ಒಂದು ಪುಟ್ಟ ದನಿ ಬಂತು:

"ಮೇಡಂ, ಸೂಪರ್! ಇನ್ನೊಂದ್ಸಲ ಹಾರಿಸಿ!"