ಬಮ್ಮಿಗಟ್ಟಿಯ ಪಂಪಿಗೆ ಲಿನಕ್ಸ್ ಕೂರಿಸಿದ್ದು

ಯಂತ್ರ ರಿಪೇರಿ ಮಾಡುವವನಿಗೆ ಯಂತ್ರಗಳಿಂದ ತೊಂದರೆ ಎಂದು ನೀವು ತಿಳಿದಿದ್ದರೆ, ನೀವು ಕಲಘಟಗಿ ಕಡೆ ಅಂಗಡಿ ಇಟ್ಟವರಲ್ಲ. ಯಂತ್ರ ಪಾಪ, ಹೇಳಿದ್ದನ್ನು ಕೇಳಿಕೊಂಡು ಬಿದ್ದಿರುತ್ತದೆ. ಅದರ ಸುತ್ತ ನಿಂತವರ ದೆಸೆಯಿಂದ ನನಗೆ ವಾರಕ್ಕೊಂದಾದರೂ ಪೇಚಾಟ ತಪ್ಪುವುದಿಲ್ಲ.

ಹುಬ್ಬಳ್ಳಿಯ ಫ್ಯಾಕ್ಟರಿ ನೌಕರಿ ಬಿಟ್ಟು ಬಂದು, ರಿಪೇರಿ ಅಂಗಡಿ ಇಟ್ಟು, ನಾನೊಂದು ಪೆಟ್ಟಿಗೆ ಮಾಡಿದೆ. ಒಳಗೆ ಅಂಗೈಯಷ್ಟು ಅಗಲದ ಪುಟ್ಟ ಕಂಪ್ಯೂಟರ್, ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ. ಮಣ್ಣಿನ ಹಸಿ ನೋಡಿಕೊಂಡು ಬೋರಿನ ಪಂಪನ್ನು ತಾನೇ ಚಾಲೂ ಮಾಡುತ್ತದೆ, ತಾನೇ ಬಂದ್ ಮಾಡುತ್ತದೆ. ಬಮ್ಮಿಗಟ್ಟಿಯ ರೈತರ ಸಂಘದವರು ಒಂದು ಕರಾರು ಹಾಕಿದರು: ಅಧ್ಯಕ್ಷರ ಕಬ್ಬಿನ ಹೊಲದಲ್ಲಿ ಒಂದು ಹಂಗಾಮು ಪೆಟ್ಟಿಗೆ ಸರಿಯಾಗಿ ನಡೆದರೆ ಎಲ್ಲ ಸದಸ್ಯರ ಪಂಪಿಗೂ ಅದೇ. ನಡೆಯದಿದ್ದರೆ ನಾನು ಮತ್ತೆ ಹುಬ್ಬಳ್ಳಿ ಬಸ್ಸು ಹತ್ತಬೇಕು. ಫ್ಯಾಕ್ಟರಿಯ ಮ್ಯಾನೇಜರ್ ನನ್ನ ಕುರ್ಚಿಯನ್ನು ಇನ್ನೂ ಖಾಲಿ ಇಟ್ಟಿದ್ದರು. ಪ್ರೀತಿಯಿಂದಲ್ಲ, ನಾನು ಸೋತು ಬರುವುದನ್ನು ಕಣ್ಣಾರೆ ನೋಡುವ ಆಸೆಯಿಂದ.

ಬೈಯುವುದು ಯಾರನ್ನು?

ಪೆಟ್ಟಿಗೆ ಕೂರಿಸುವ ದಿನ ಸಂಘದ ಕಾರ್ಯದರ್ಶಿ ರಜಿಸ್ಟರ್ ತೆಗೆದು ಕೇಳಿದರು.

"ಇದರೊಳಗಿನ ಲಿನಕ್ಸು ಯಾವ ಕಂಪನೀದ್ರಿ?"

"ಯಾವ ಕಂಪನೀದೂ ಅಲ್ರಿ. ಊರೂರಿನ ಜನ ಕೂಡಿ ಬರದದ್ದು. ಯಾರ ಬೇಕಾದ್ರೂ ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು."

"ಮಾಲಕ ಯಾರು ಹಂಗಾರ?"

"ಎಲ್ಲಾರೂ ಮಾಲಕರ."

ಕಾರ್ಯದರ್ಶಿಗಳು ಪೆನ್ನು ಕೆಳಗಿಟ್ಟರು. "ನೋಡ್ರಿ, ಕೆಟ್ಟರ ಕೆಡಲಿ, ಎಲ್ಲಾ ಕೆಡತಾವ. ಆದ್ರ ಕೆಟ್ಟಾಗ ಬೈಯಾಕ ಒಬ್ಬಾಂವ ಬೇಕಲ್ರಿ? ಎಲ್ಲಾರ್ನೂ ಬೈಯಾಕ ನಮಗ ಪುರಸತ್ತು ಎಲ್ಲೈತಿ?"

"ನನ್ನ ಹೆಸರು ಬರಕೋರಿ."

"ನೀವು ಇವತ್ತ ಇಲ್ಲಿ, ನಾಳೆ ಹುಬ್ಬಳ್ಳಿ," ಎಂದವರೇ ಸ್ವಲ್ಪ ಯೋಚಿಸಿ ಏನೋ ಬರೆದುಕೊಂಡರು. ಬಗ್ಗಿ ನೋಡಿದೆ. 'ತಯಾರಿಸಿದ ಕಂಪನಿ' ಎಂಬ ಕಾಲಮ್ಮಿನಲ್ಲಿ ನಮ್ಮಪ್ಪನ ಹೆಸರಿತ್ತು. ಕೇಳಿದರೆ, "ಅವರು ಮುಂಜಾನೆ ಹತ್ತರ ತನಕಾ ಮನಿ ಕಟ್ಟಿ ಮ್ಯಾಲ ಸಿಗತಾರ" ಎಂದರು.

ಕಸ

ಅಧ್ಯಕ್ಷರನ್ನು ಊರೆಲ್ಲ ಕಾಕಾ ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಕೂರಿಸಿದ ಎಂಟನೆಯ ದಿನ ಕಾಕಾ ಫೋನ್ ಮಾಡಿ, "ತಮ್ಮಾ, ಪೆಟ್ಟಿಗಿ ಉಸರ ಬಿಡವಲ್ದು" ಎಂದರು. ಹತ್ತು ದಿನವೂ ತುಂಬಿಲ್ಲ, ಆಗಲೇ ನಿಂತಿತೇ ಎಂದುಕೊಂಡೆ. ಬೈಕ್ ಹತ್ತಿ ಹೋದೆ.

ವೈರು ಸರಿಯಿತ್ತು, ಕರೆಂಟು ಇತ್ತು. ಮುಚ್ಚಳ ತೆಗೆದರೆ ಮೆಮರಿ ಕಾರ್ಡೇ ಇಲ್ಲ. ಲಿನಕ್ಸ್ ಇಡೀ ಇರುವುದೇ ಆ ಉಗುರಿನಷ್ಟು ಕಾರ್ಡಿನಲ್ಲಿ. ಪಂಪು ನೋಡಿಕೊಳ್ಳುವ ಆಳುಮನುಷ್ಯ, ನನಗಿಂತ ಹಿರಿಯರು, ಬಾಜೂಕೇ ನಿಂತು ಮೊಬೈಲಿನಲ್ಲಿ ಭಜನೆ ಕೇಳುತ್ತಿದ್ದರು.

"ಇದರಾಗಿನ ಕಾರ್ಡ್ ಎಲ್ಲೈತ್ರಿ?"

"ನನ್ನ ಮೊಬೈಲಿಗೆ ಹಾಕೊಂಡೇನ್ರಿ. ನೂರಾರು ಹಾಡು ಹಿಡಿದ್ವು."

"ಅದರಾಗ ಮೊದಲ ಇದ್ದದ್ದು?"

"ಒಂದೂ ಹಾಡಿದ್ದಿಲ್ಲ, ಒಂದೂ ಫೋಟೋ ಇದ್ದಿದ್ದಿಲ್ಲ. ತೆರದ್ರ ತೆರೀವಲ್ದು. ಬರೇ ಕಸ. ಎಲ್ಲಾ ಅಳಿಸಿ ಅಗದೀ ಸ್ವಚ್ಛ ಮಾಡೇನ್ರಿ."

ಜಗತ್ತಿನ ಅದೆಷ್ಟೋ ಬುದ್ಧಿವಂತರು ವರ್ಷಗಟ್ಟಲೆ ಕೂತು ಬರೆದದ್ದನ್ನು ಅವರು ಚಹಾ ಕುಡಿಯುವಷ್ಟರಲ್ಲಿ ಗುಡಿಸಿ ಹಾಕಿದ್ದರು. ನಾನು ತಲೆಯ ಮೇಲೆ ಕೈಯಿಟ್ಟು ಕೂತೆ. ಅವರು ನನ್ನನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಬೇಸರದಿಂದ, ಅಷ್ಟರಲ್ಲಿ ಬಂದ ಕಾಕಾನ ಕಡೆ ತಿರುಗಿ, "ಇಷ್ಟು ಸ್ವಚ್ಛ ಮಾಡಿ ಕೊಟ್ಟರೂ ಛಲೋ ಆತು ಅನ್ನವಲ್ರು ನೋಡ್ರಿ" ಎಂದರು.

ಒಂದು ವಿಷಯದಲ್ಲಿ ನಾಪಾಸು

ಹೊಸ ಕಾರ್ಡ್ ಹಾಕಿದೆ. ಪೆಟ್ಟಿಗೆ ಚಾಲೂ ಆಗುವಾಗ ಅದರ ಪುಟ್ಟ ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಒಂದರ ಹಿಂದೊಂದು ಓಡುತ್ತವೆ. ಯಾವ ಭಾಗ ಎದ್ದಿತು, ಯಾವುದು ಏಳಲಿಲ್ಲ ಎಂದು ಅದು ತನ್ನಷ್ಟಕ್ಕೆ ಹೇಳಿಕೊಳ್ಳುವ ಲೆಕ್ಕ. ಯಾರೂ ಓದುವುದಿಲ್ಲ ಎಂದು ಹಾಗೇ ಬಿಟ್ಟಿದ್ದೆ. ಪಕ್ಕದ ಹೊಲದ ನಿವೃತ್ತ ಮಾಸ್ತರರು ಓದಿದರು. ಕನ್ನಡಕ ಏರಿಸಿಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ.

"ನಡುವ ಒಂದು ಕಡೆ ಫೇಲ್ ಅಂತ ಬರದೈತಿ," ಎಂದು ಸಾರಿದರು. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ಪೆಟ್ಟಿಗೆ ತಾನೇ ಒಪ್ಪಿಕೊಂಡಿದೆಯಂತೆ.

ಓಡಿಹೋಗಿ ವಿವರಿಸಿದೆ. "ಸರ್, ಅದು ಬ್ಲೂಟೂತ್ ವಿಷಯರಿ. ನಮ್ಮ ಪೆಟ್ಟಿಗ್ಯಾಗ ಬ್ಲೂಟೂತ್ ಇಲ್ಲ. ಹುಡುಕಿ ನೋಡತೈತಿ, ಸಿಗೂದಿಲ್ಲ, ಫೇಲ್ ಅಂತೈತಿ."

"ಕಲಿಸಲಾರದ ವಿಷಯಕ್ಕ ಪರೀಕ್ಷಿಗೆ ಯಾಕ ಕೂಡಿಸಿದಿ?"

ಅವರ ಎದುರಿಗೇ ಲ್ಯಾಪ್‌ಟಾಪ್ ತೆಗೆದು, ಫೈಲು ತಿದ್ದಿ, ಆ ಸಾಲೇ ಬಾರದಂತೆ ಮಾಡಿದೆ. "ನೋಡ್ರಿ ಸರ್, ಇದ ಇದರ ಅನುಕೂಲ. ಬೇಕಾದ್ದು ತಿದ್ದಬಹುದು," ಎಂದು ಬೀಗಿದೆ.

ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೂವತ್ತು ವರ್ಷ ಮಾಸ್ತರಕಿ ಮಾಡೇನಿ. ಹುಡುಗ ತಾನ ಪರೀಕ್ಷೆ ಬರದು, ತಾನ ಪೇಪರ್ ತಿದ್ದಿ, ತಾನ ಪಾಸಾದದ್ದು ಇದ ಮೊದಲು!"

ಸೋಮವಾರ

ಆಮೇಲೆ ಮೂರು ವಾರ ನೆಮ್ಮದಿ. ಇನ್ನೇನು ದಡ ಸೇರಿದೆ ಎನ್ನುವಾಗ ಒಂದು ಮಂಗಳವಾರ ಪೆಟ್ಟಿಗೆ ಏಳಲಿಲ್ಲ. ಸರಿ ಮಾಡಿ ಬಂದೆ. ಮುಂದಿನ ಮಂಗಳವಾರವೂ ಏಳಲಿಲ್ಲ. ಕಾರ್ಡಿನಲ್ಲಿದ್ದದ್ದೆಲ್ಲ ಕಲಸುಮೇಲೋಗರವಾಗಿತ್ತು. ನಾನು ಸಿಡಿಲನ್ನು ಬೈದೆ, ಕರೆಂಟನ್ನು ಬೈದೆ, ಇಲಿಯನ್ನು ಬೈದೆ. ಕಾಕಾ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು ಹೇಳಿದರು: "ಸೋಮವಾರ ಮುಂಜಾನೆ ನಾನ ವೈರ್ ಕೀಳತೇನಿ."

"ಯಾಕ್ರಿ ಕಾಕಾ?"

"ಸೋಮವಾರ ನಮ್ಮ ಕಡೆ ಎತ್ತು ಹೂಡತಾರೇನು? ಬಸವಣ್ಣಗ ಬಿಡುವು. ಇದಕ್ಕೂ ಬ್ಯಾಡ?"

"ಇದು ಎತ್ತಲ್ರಿ. ಮೊದಲ ಸೋಮವಾರಾನೂ ಪಂಪ್ ನಡಸತಿದ್ದಿರಿ!"

"ಆವಾಗ ನಾ ಬಟನ್ ಒತ್ತತಿದ್ದೆ, ಅದು ತಿರಗತಿತ್ತು. ಈಗ ನೆಲದ ಹಸಿ ನೋಡಿ, ತಾನ ವಿಚಾರ ಮಾಡಿ ದುಡೀತೈತಿ. ತಾನ ತಿಳಕೊಂಡು ದುಡಿಯೂದಕ್ಕ ಸೋಮವಾರ ಬಿಡುವು ಕೊಡಲಿಲ್ಲಂದ್ರ ಪಾಪ ಹತ್ತತೈತಿ ತಮ್ಮಾ."

ಫ್ಯಾಕ್ಟರಿಯಲ್ಲಿ ತಿಳಿದುಕೊಂಡು ದುಡಿಯುತ್ತಿದ್ದ ನನಗೆ ಯಾವ ಮ್ಯಾನೇಜರೂ ಈ ಮಾತು ಹೇಳಿರಲಿಲ್ಲ. ಆದರೂ ಹೇಳಿದೆ: "ಬಿಡುವು ಕೊಡ್ರಿ, ಆದ್ರ ಹಿಂಗಲ್ಲ. ಓಡೂವಾಗ ವೈರ್ ಕಿತ್ತರ ಒಂದಲ್ಲ ಒಂದಿನ ಕಾರ್ಡ್ ಕೆಡತೈತಿ. ಓಡೋ ಎತ್ತಿನ ನೊಗಾ ನಡುಹೊಲದಾಗ ಕಡಿದು ಒಗೀತೀರೇನು? ನಿಲ್ಲಿಸಿ, ಬಿಚ್ಚಿ, ಕಟ್ಟತೀರಿ. ಹಂಗ ಇದನ್ನೂ ಹೇಳಿ ನಿಲ್ಲಸಬೇಕು."

ಕಾಕಾಗೆ ತಕ್ಷಣ ಅರ್ಥವಾಯಿತು. ಪೆಟ್ಟಿಗೆಯ ಮೇಲೆ ಕೈಯಿಟ್ಟು, "ತಪ್ಪಾತಪಾ" ಎಂದರು. ನನಗಲ್ಲ, ಪೆಟ್ಟಿಗೆಗೆ.

ಪ್ರತಿ ಸೋಮವಾರ ಪಂಪು ತಾನೇ ಸುಮ್ಮನಿರುವಂತೆ ನಾನು ಹತ್ತು ಸಾಲು ಬರೆದು ಸೇರಿಸಿದೆ.

ಸಂಘದ ಸಭೆ

ಲಿನಕ್ಸಿನವರಲ್ಲಿ ಒಂದು ರೀತಿಯಿದೆ: ಊರವರದ್ದು ತೆಗೆದುಕೊಂಡವನು ತಾನು ಬರೆದದ್ದನ್ನೂ ಊರಿಗೆ ಕೊಡುತ್ತಾನೆ. ನಾನೂ ನನ್ನ ಪಂಪಿನ ಪ್ರೋಗ್ರಾಮನ್ನು ಅಂತರ್ಜಾಲದಲ್ಲಿ ಇಟ್ಟಿದ್ದೆ. ಗಡಿಬಿಡಿಯಲ್ಲಿ ಸೋಮವಾರದ ಹತ್ತು ಸಾಲೂ ಅದರೊಂದಿಗೆ ಹೋಗಿದ್ದವು.

ತಿಂಗಳಾದ ಮೇಲೆ ಸಮುದ್ರದಾಚೆಯ ಟೊಮ್ಯಾಟೊ ಬೆಳೆಗಾರನೊಬ್ಬನ ಪತ್ರ ಬಂತು. 'ನಿಮ್ಮ ಪ್ರೋಗ್ರಾಮ್ ಹಾಕಿಕೊಂಡೆ. ಸೋಮವಾರ ನನ್ನ ಪಂಪು ಓಡುವುದಿಲ್ಲ. ವೈರು ಬದಲಿಸಿದೆ, ಪಂಪನ್ನೇ ಬದಲಿಸಿದೆ. ಆದರೂ ಸೋಮವಾರ ಓಡುವುದಿಲ್ಲ. ಏಕೆ?' ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಎತ್ತು, ಬಸವಣ್ಣ, ಕಾಕಾ ಎಲ್ಲವನ್ನೂ ವಿವರಿಸಿ, ಆ ಸಾಲುಗಳನ್ನು ತೆಗೆಯುವುದು ಹೇಗೆಂದು ಬರೆದೆ. ಕಾಕಾಗೂ ಹೇಳಿದೆ.

"ಅವನ ಹತ್ರ ಎಷ್ಟು ಎತ್ತು ಅದಾವು?"

"ಒಂದೂ ಇಲ್ರಿ."

"ಪಾಪ," ಎಂದರು ಕಾಕಾ.

ವಾರದಲ್ಲಿ ಉತ್ತರ ಬಂತು. 'ತೆಗೆಯುವುದಿಲ್ಲ. ಗಿಡಗಳಿಗೆ ಏನೂ ಆಗಿಲ್ಲ. ಸೋಮವಾರ ನಾನೂ ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ನನ್ನ ಹೆಂಡತಿ ನಿಮ್ಮ ಕಾಕಾಗೆ ನಮಸ್ಕಾರ ಹೇಳಿದ್ದಾಳೆ.'

ಹಂಗಾಮು ಮುಗಿಯಿತು, ಸಭೆ ಸೇರಿತು. ಅಲ್ಲಿ ಟೈ ಕಟ್ಟಿಕೊಂಡ ಏಜೆಂಟನೊಬ್ಬ ಕೂತಿದ್ದ. ಅವನ ಮುಂದೆ ಸೀಲು ಹಾಕಿದ ಥಳಥಳ ಪೆಟ್ಟಿಗೆ. ಕಾರ್ಯದರ್ಶಿಗಳು ರಜಿಸ್ಟರ್ ನೋಡಿ, "ನಮ್ಮ ಪೆಟ್ಟಿಗಿ ಮೂರು ಸಲ ನಿಂತೈತಿ" ಎಂದು ಓದಿದರು. ಮ್ಯಾನೇಜರ್ ಕುರ್ಚಿಯ ಧೂಳು ಒರೆಸುತ್ತಿರುವುದು ಕಣ್ಣ ಮುಂದೆ ಬಂತು.

ಏಜೆಂಟ್ ಎದ್ದು ನಿಂತ. "ನಮ್ಮದು ಪೂರ್ತಿ ವಿದೇಶಿ ತಂತ್ರಜ್ಞಾನ. ಯಾರೂ ಒಳಗೆ ಕೈಹಾಕುವಂತಿಲ್ಲ. ವಾರದ ಏಳೂ ದಿನ ದುಡಿಯುತ್ತೆ."

ಸಭೆ ಗಪ್ಪಾಯಿತು. ಅದನ್ನು ಅವನು ಮೆಚ್ಚುಗೆ ಎಂದುಕೊಂಡ.

"ಸೋಮವಾರಾನೂ?" ಹಿಂದಿನಿಂದ ಯಾರೋ ಕೇಳಿದರು.

"ಸೋಮವಾರಾನೂ!" ಎಂದ ಅವನು ಎದೆಯುಬ್ಬಿಸಿ.

ಕಾಕಾ ಆರ್ಡರಿನ ಕಾಗದವನ್ನು ನನ್ನ ಕಡೆ ಸರಿಸಿ, "ಸಹಿ ಹಾಕು ತಮ್ಮಾ" ಎಂದರು. ಆಮೇಲೆ ಏಜೆಂಟನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದ ದನಿಯಲ್ಲಿ ಹೇಳಿದರು:

"ಬ್ಯಾಸರಾ ಮಾಡಕೋಬ್ಯಾಡ್ರಿ ಸಾಹೇಬ್ರ. ನಿಮ್ಮ ಪೆಟ್ಟಿಗಿ ಹೊರದೇಶದಿಂದ ಬಂದೈತಿ, ಖರೆ. ಆದ್ರ ನಮ್ಮ ಪೆಟ್ಟಿಗಿ ಹೊರದೇಶಕ್ಕ ಹೋಗಿ ಅಲ್ಲಿಯವ್ರಿಗೆ ಸೋಮವಾರ ಹಿಡಿಸೈತಿ!"