ಮುಯ್ಯಾಳು ಮಾವ

ನಮ್ಮ ಸೋದರಮಾವನಂಥ ಕೆಲಸಗಳ್ಳ ಇಡೀ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದು ನನ್ನ ಮಾತಲ್ಲ ಸ್ವಾಮಿ, ಹಾಜರಿ ಪುಸ್ತಕದ ಮಾತು! ಪುಸ್ತಕ ಸುಳ್ಳು ಹೇಳುತ್ತದೆಯೇ? ಹೇಳುತ್ತದೆ. ಆ ಸುಳ್ಳಿನಿಂದಲೇ ನಾನು ಇವತ್ತಿಗೂ ಅನ್ನ ತಿನ್ನುತ್ತಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೇಟೆಗೆ ಹೋಗುವ ರಸ್ತೆಯಲ್ಲಿ ಸಿಮೆಂಟು ಪೈಪು ಮಾಡುವ ಒಂದು ಕಾರ್ಖಾನೆ ಇತ್ತು. ಕೆಲಸಕ್ಕೆ ಅರ್ಜಿಯಿಲ್ಲ, ಸಂದರ್ಶನವಿಲ್ಲ. ಮೇಸ್ತ್ರಿ ಸೈಕಲ್ಲಿನಲ್ಲಿ ಸಂತೆಬಾಚಹಳ್ಳಿ ಪಕ್ಕದ ನಮ್ಮೂರಿಗೆ ಬಂದು ಗಂಡಸರ ಅಂಗೈ ನೋಡುತ್ತಿದ್ದ. ಜಡ್ಡುಗಟ್ಟಿದ್ದರೆ ಕೆಲಸ ಸಿಕ್ಕಿತು ಅಂತಲೇ ಅರ್ಥ. ಪುಸ್ತಕ ಹಿಡಿದ ನನ್ನ ಕೈ ನೋಡಿ ಆತ ಮುಖ ಸಿಂಡರಿಸಿದ. ಮಾವ ತನ್ನ ಎರಡೂ ಕೈ ಮುಂದೆ ಚಾಚಿದ.

"ಇದ್ರಲ್ಲಿ ಒಂದು ನಂದು, ಒಂದು ನಮ್ ಅಳೀಮಯ್ಯಂದು ಅಂತ ತಿಳ್ಕೊಳಣ್ಣ. ಇಬ್ಬರ್ನೂ ಬರ್ಕೊ."

ಬರೆದುಕೊಂಡ! ಇಂಥ ಶಿಫಾರಸು ಯಾವ ಮಂತ್ರಿಯ ಕೈಲಿ ಆದೀತು?

ಮಾವನ ತಲೆಯಲ್ಲಿ ಕಾರ್ಖಾನೆ ಎಂದರೆ ದೊಡ್ಡದೊಂದು ಗದ್ದೆ, ಅಷ್ಟೇ. ಗದ್ದೆಯಲ್ಲಿ ಮುಯ್ಯಾಳು ಉಂಟಲ್ಲ, ಇವತ್ತು ನಾನು ನಿನ್ನ ನಾಟಿಗೆ, ನಾಳೆ ನೀನು ನನ್ನ ನಾಟಿಗೆ? ಕೂಲಿಯ ಮಾತೇ ಇಲ್ಲ, ದಿನಕ್ಕೆ ದಿನ. ಅದನ್ನೇ ಮಾವ ಕಾರ್ಖಾನೆಗೂ ತಂದ. ಊರಿನವರು ಯಾರಾದರೂ ಬರಲಾಗದಿದ್ದರೆ ಅವರ ಜಾಗದಲ್ಲಿ ತಾನು ನಿಂತು, ಅವರ ಹೆಸರು ಕೂಗಿದಾಗ "ಬಂದಿವ್ನಿ" ಎನ್ನುತ್ತಿದ್ದ. ಮೇಸ್ತ್ರಿಗೆ ಕೆಲಸ ನಡೆದರೆ ಸಾಕಿತ್ತು. ಆ ದಿನ ಮಾವನ ಹೆಸರಿನ ಮುಂದೆ ಮಾತ್ರ ಗೈರುಹಾಜರಿ.

ಹೆಂಡತಿಯ ಬಾಣಂತನಕ್ಕೆ ಹೋದ ಒಬ್ಬನಿಗೆ ಒಂಬತ್ತು ದಿನ ಕೊಟ್ಟ. ಮನೆ ಕಟ್ಟಿಸಿದ ಇನ್ನೊಬ್ಬನಿಗೆ ಹನ್ನೆರಡು. ಹರಕೆಗೆ ಹೋದವನಿಗೆ ಎರಡು. ನಾಗಮಂಗಲದ ಕಡೆ ಹೆಣ್ಣು ನೋಡಲು ಹೋದವನಿಗೆ ನಾಲ್ಕು. ಹೆಣ್ಣು ಒಪ್ಪಲಿಲ್ಲ, ದಿನವೂ ವಾಪಸು ಬರಲಿಲ್ಲ! ಒಂದು ಬೆಳಿಗ್ಗೆ ಮೇಸ್ತ್ರಿ ಮಾವನ ಸ್ವಂತ ಹೆಸರನ್ನೇ ಮೂರು ಸಲ ಕೂಗಿದರೂ ಈತ ಕಂಬದಂತೆ ನಿಂತಿದ್ದ.

"ಕಿವಿ ಕೇಳಾಕಿಲ್ವೇನಯ್ಯಾ?"

"ಇವತ್ತು ನಾನು ಯಾರು ಅಂತ ಗ್ಯಾನ ಇರ್ಲಿಲ್ಲ ಕಣಣ್ಣ!"

ಮಾವನ ದಿನಗಳನ್ನು ಎಲ್ಲರಿಗಿಂತ ಹೆಚ್ಚು ತಿಂದವನು ನಾನು. ಕೆಲಸ ಮಾಡುತ್ತಲೇ ಬಿ.ಎ. ಕಟ್ಟಿದ್ದೆ. ನನ್ನದು ಹಸಿ ಪೈಪಿಗೆ ನೀರುಣಿಸುವ ಕೆಲಸ. ಒಂದು ದಿನ ತಪ್ಪಿದರೂ ಪೈಪು ಬಿರುಕು, ಆಳು ಮನೆಗೆ. ಮಾವನದು ಲಾರಿಗೆ ಪೈಪು ಏರಿಸುವುದು. ಒಬ್ಬ ಕಡಿಮೆಯಾದರೂ ಲಾರಿ ಹೊರಡುತ್ತಿತ್ತು. ಪರೀಕ್ಷೆಗೆಂದು ಹದಿನೆಂಟು ದಿನ ಮಾವ ನಾನಾದ. ಮುಯ್ಯಿ ತೀರಿಸೋಣವೆಂದರೆ ಮಾವ ಒಂದು ದಿನವಾದರೂ ಮನೆಯಲ್ಲಿ ಉಳಿಯಬೇಕಲ್ಲ! ಆ ಮಹಾನುಭಾವನಿಗೆ ಜ್ವರವೂ ಬರುತ್ತಿರಲಿಲ್ಲ. ಹುಷಾರಿಲ್ಲದಿದ್ದರೆ ರಜಾ ಅರ್ಜಿ ಕೊಡಬೇಕಂತೆ ಎಂದು ಹೇಳಿದ್ದಕ್ಕೆ ಬಿದ್ದು ಬಿದ್ದು ನಕ್ಕಿದ್ದ.

"ಅರ್ಜಿ ಬರೆಯೋ ಸಕ್ತಿ ಇದ್ರೆ ಕೆಲ್ಸಕ್ಕೇ ಓಗ್ಬೋದಲ್ಲ! ಎಂಥ ಕಾನೂನ್ಲಾ ಇದು?"

ಕಾನೂನು ಒಂದು ದಿನ ಜೀಪಿನಲ್ಲಿ ಬಂತು. ವರ್ಷದಲ್ಲಿ ಇನ್ನೂರನಲವತ್ತು ದಿನ ದುಡಿದವರನ್ನು ಹಾಗೆಲ್ಲ ಮನಸ್ಸು ಬಂದಂತೆ ತೆಗೆದುಹಾಕುವ ಹಾಗಿಲ್ಲ ಎಂದು ಕಾರ್ಮಿಕರು ದೂರು ಕೊಟ್ಟಿದ್ದರು. ಮಾಲೀಕರು ರಾಜಿಗೆ ಬಂದರು: ಇನ್ನೂರನಲವತ್ತು ತುಂಬಿದವರು ಖಾಯಂ, ಉಳಿದವರು ಗುತ್ತಿಗೆದಾರನ ಕೆಳಗೆ. ಮಂಡ್ಯದಿಂದ ಬಂದ ಅಧಿಕಾರಿ ನಮ್ಮೆಲ್ಲರ ಮುಂದೆ ಪುಸ್ತಕ ಓದಿದರು. ನನ್ನದು ಇನ್ನೂರ ನಲವತ್ತಾರು. ಮಾವನದು ನೂರ ತೊಂಬತ್ತೇಳು.

"ಏನಪ್ಪಾ, ಉಳಿದ ದಿನ ಎಲ್ಲಿಗೆ ಹೋಗಿದ್ದೆ?"

"ಇಲ್ಲೇ ಇದ್ನಲ್ಲ ಸ್ವಾಮಿ!"

"ಇಲ್ಲಿದ್ದರೆ ಹಾಜರಿ ಯಾಕಿಲ್ಲ?"

ಮಾವನಿಗೆ ಆಗ ಅರ್ಥವಾಯಿತು. ನನ್ನ ಮುಖ ನೋಡಿದ. ಕೊಟ್ಟ ದಿನಗಳನ್ನು ಕೇಳಿ ಪಡೆದಿದ್ದರೆ ಅವನದು ಇನ್ನೂರ ನಲವತ್ತೆರಡು. ನನ್ನದು ಇನ್ನೂರ ಇಪ್ಪತ್ತೆಂಟಕ್ಕೆ ಇಳಿಯುತ್ತಿತ್ತು. ನಾನು ನೆಲ ನೋಡಿದೆ. ಬಿ.ಎ. ಪಾಸಾದವನಿಗೆ ಒಂದು ಮಾತು ಆಡಲು ಬರಲಿಲ್ಲ!

"ಇಲ್ಲೇ ಅಂದ್ರೆ ಊರಲ್ಲಿ ಸ್ವಾಮಿ. ಎಮ್ಮೆ ಈಯ್ತಿತ್ತು."

"ಇಷ್ಟೊಂದು ದಿನವಾ?"

"ಬಲು ಕಷ್ಟದ ಎರಿಗೆ ಸ್ವಾಮಿ."

ಎಲ್ಲರೂ ಗೊಳ್ಳೆಂದು ನಕ್ಕರು. ಮಾವನ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಅದು ಗೊತ್ತಿದ್ದೂ ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾನು ಖಾಯಮ್ಮಾಗಿ, ಬಿ.ಎ. ದೆಸೆಯಿಂದ ಹಾಜರಿ ಬರೆಯುವ ಗುಮಾಸ್ತನಾದೆ. ಮಾವ ಗುತ್ತಿಗೆಗೆ ಹೋದ. ಅವನ ಹೆಸರು ಗುತ್ತಿಗೆದಾರನ ಪುಸ್ತಕಕ್ಕೆ ಸೇರಿದ್ದರಿಂದ ಅದನ್ನು ಬರೆಯುವ ಭಾಗ್ಯವೂ ನನಗೆ ಉಳಿಯಲಿಲ್ಲ. ಕ್ಯಾಂಟೀನಿನಲ್ಲಿ ನಮಗೆ ಬೆಂಚು, ಅವರಿಗೆ ಗೋಡೆ. ನಾನು ಎದ್ದು ಜಾಗ ಬಿಟ್ಟರೆ ಮಾವ ಗದರುತ್ತಿದ್ದ: "ಕೂತ್ಕೊಳ್ಲಾ, ಖಾಯಂ ಆದೋನು ನಿಂತ್ಕೊಂಡ್ರೆ ಖಾಯಂಗೆ ಏನ್ ಮರ್ವಾದೆ?"

ದಶಕ ಮುಗಿಯುವ ಹೊತ್ತಿಗೆ, ಜ್ವರವೇ ಬಾರದ ಮಾವನಿಗೆ ಕಾಮಾಲೆ ಬಂತು. ಮೂರು ದಿನ ಬರದಿದ್ದರೆ ಹೆಸರು ಹೊಡೆದುಹಾಕುವುದು ಗುತ್ತಿಗೆಯ ನಿಯಮ. ಮೂರನೇ ದಿನ ನಾನು ಸಂಬಳದ ರಜೆ ಹಾಕಿ, ಮಾವನ ಅಂಗಿ ತೊಟ್ಟು, ಲಾರಿಯ ಪಕ್ಕ ನಿಂತೆ. ಅವನ ಹೆಸರು ಕೂಗಿದಾಗ "ಬಂದಿವ್ನಿ" ಎಂದೆ.

ಬೆಂಗಳೂರಿನಿಂದ ಬಂದ ಹೊಸ ಮೇಲ್ವಿಚಾರಕ ಗುರುತಿನ ಕಾರ್ಡು ನೇತಾಡದ ನನ್ನ ಕತ್ತು ನೋಡಿದ. "ಕಾರ್ಡ್ ಎಲ್ರೀ?"

ಮಾವನ ಕಾರ್ಡು ತೋರಿಸಿದೆ. ಅದರಲ್ಲಿ ಮಾವನ ಫೋಟೋ ಇತ್ತು. ಇದು ಮುಯ್ಯಿ, ನಾನು ಹದಿನೆಂಟು ದಿನ ತೀರಿಸಬೇಕು ಎಂದು ಬಿಡಿಸಿ ಹೇಳಿದೆ. ಆತನಿಗೆ ಆ ಪದವೇ ಗೊತ್ತಿರಲಿಲ್ಲ. "ಒಬ್ಬರ ಬದಲು ಒಬ್ಬರು ಬಂದರೆ ಅಪರಾಧ ಆಗುತ್ತೆ, ನಡೀರಿ," ಎಂದು ಗೇಟಿನಾಚೆ ಕಳಿಸಿದ. ಸಂಜೆಯೊಳಗೆ ಮಾವನ ಹೆಸರು ಹೋಯಿತು.

ಹೋಗಿ ಹೇಳಿದೆ. ಮಾವ ಗೋಡೆಗೆ ಒರಗಿ ಕೂತಿದ್ದ, ಕಣ್ಣೆಲ್ಲ ಹಳದಿ.

"ನೀನು ಪೈಪು ಎತ್ತಾಕೆ ಓಗಿದ್ದಾ? ಸೊಂಟ ಉಳುಕ್ತಿತ್ತು ಕಣ್ಲಾ, ಬುಡು!"

"ಮಾವ, ಅವತ್ತು ಸಾಹೇಬ್ರ ಮುಂದೆ ನಾನು ನಿಜ ಯೋಳ್ಬೇಕಿತ್ತು. ನೀನು ಒಳಗಿರ್ತಿದ್ದೆ."

ಮಾವ ನನ್ನ ಮೆತ್ತಗಿನ ಅಂಗೈ ತನ್ನ ಕೈಯೊಳಗೆ ಇಟ್ಟುಕೊಂಡ.

"ನಾನು ಒಳಗೆ, ನೀನು ಒರಗೆ. ಅಂಗಾಗಿದ್ರೆ ನಂಗೆ ಒಂದು ದಿನಾನೂ ನಿದ್ದೆ ಬತ್ತಿರ್ಲಿಲ್ಲ ಕಣ್ಲಾ."

ನನಗೂ ನಿದ್ದೆ ಬರುವುದಿಲ್ಲ ಮಾವ ಎಂದು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ.