ಗುರುವಿಗೆ ಎರಡು ಮಾತ್ರೆ

"ಮಾತ್ರೆಯ ವಿಷಯ ನನಗೆ ಹೇಳಿಕೊಡೋಕೆ ಬರಬೇಡಿ ಡಾಕ್ಟರಮ್ಮ. ನನ್ನ ಜೀವಮಾನವೆಲ್ಲ ಮಾತ್ರೆ ಎಣಿಸೋದರಲ್ಲೇ ಕಳೆದಿದೆ."

ಹೀಗೆಂದು ಮೇಷ್ಟ್ರು ಎದೆ ಸೆಟೆಸಿದಾಗ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಡಾಕ್ಟರಮ್ಮ ಒಮ್ಮೆ ಯಂತ್ರದ ಅಂಕಿ ನೋಡಿದರು, ಒಮ್ಮೆ ಮೇಷ್ಟ್ರ ಮೂಗು ನೋಡಿದರು. ಎರಡೂ ಇರಬೇಕಾದ್ದಕ್ಕಿಂತ ಮೇಲಿದ್ದವು.

ಮೇಷ್ಟ್ರು ಹೇಳಿದ್ದು ಸುಳ್ಳೇನಲ್ಲ. ಅವರು ಶಾಲೆಯಲ್ಲಿ ಛಂದಸ್ಸು ಕಲಿಸುವವರು. ಪದ್ಯದ ಒಂದೊಂದು ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲವನ್ನು ಮಾತ್ರೆಯಲ್ಲಿ ಅಳೆಯುತ್ತಾರಷ್ಟೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಅವರಿಂದ ಕಿವಿ ಹಿಂಡಿಸಿಕೊಂಡು ಕಲಿಯದವರು ಆ ಬೀದಿಯಲ್ಲೇ ಇರಲಿಲ್ಲ. ಹೆಂಡತಿ "ರೀ, ಊಟಕ್ಕೆ ಬನ್ನಿ" ಎಂದು ಕರೆದರೆ ಬೆರಳು ಮಡಚಿ "ಹತ್ತು ಮಾತ್ರೆ" ಎನ್ನುತ್ತಿದ್ದರೇ ಹೊರತು ಊಟಕ್ಕೆ ಬರುತ್ತಿರಲಿಲ್ಲ.

ಡಾಕ್ಟರಮ್ಮ ಮಾತ್ರ ಛಂದಸ್ಸಿಗೆ ಬಗ್ಗುವವರಲ್ಲ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ಒಂದೇ ಒಂದು ಎಂದು ಬಿಡಿಸಿ ಹೇಳಿದರು. ಬಿ.ಪಿ. ಇಳಿದಿದೆಯೆಂದು ತಾವಾಗಿಯೇ ನಿಲ್ಲಿಸುವಂತಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವಂತಿಲ್ಲ. ಕೂತಲ್ಲಿಂದ, ಬಗ್ಗಿದಲ್ಲಿಂದ ದಡಬಡ ಏಳುವಂತಿಲ್ಲ. ತಲೆ ಸುತ್ತಿದರೆ ಮುಚ್ಚಿಡುವಂತಿಲ್ಲ. ಮೇಷ್ಟ್ರು ಪ್ರತಿ ಮಾತಿಗೂ ತಲೆಯಾಡಿಸಿದರು. ಅವರ ತರಗತಿಯಲ್ಲಿ ಮಕ್ಕಳು ತಲೆಯಾಡಿಸುವುದೂ ಹೀಗೆಯೇ. ಅದರಲ್ಲಿ ಎಷ್ಟು ಒಳಗೆ ಇಳಿಯುತ್ತದೆಂದು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮೇಷ್ಟ್ರ ಹೆಂಡತಿ ಕಾರು ಓಡಿಸುವುದನ್ನು ಕಲಿಸುವವರು. ಕಲಿಯುವವರು ಕಂಬಕ್ಕೋ ಗೋಡೆಗೋ ಮುತ್ತಿಡುವ ಮೊದಲೇ ತಮ್ಮ ಕಾಲಡಿಯ ಬ್ರೇಕ್ ಒತ್ತುವುದು ಅವರ ಕಸುಬು. ಊರೆಲ್ಲ ಅವರನ್ನು ಬ್ರೇಕಕ್ಕ ಎನ್ನುತ್ತದೆ. ಮೊದಲ ಶಿಷ್ಯರಿಗೆ ಬೆಳಗಾಗುತ್ತಲೇ ಪಾಠವಿರುವುದರಿಂದ ಅವರು ತಿಂಡಿಯ ತಟ್ಟೆಯ ಪಕ್ಕದಲ್ಲಿ ಒಂದು ಮಾತ್ರೆ, ಒಂದು ಲೋಟ ನೀರು ಇಟ್ಟು ಹೊರಟುಬಿಡುತ್ತಿದ್ದರು. ಮೇಷ್ಟ್ರು ಕೆಲವು ವಾರ ಒಳ್ಳೆಯ ಹುಡುಗನಂತೆ ನುಂಗಿದರು. ಮತ್ತೆ ಅಳೆಸಿದಾಗ ಅಂಕಿ ಇಳಿದಿತ್ತು.

ಮುಗಿಯಿತು! ಮೇಷ್ಟ್ರು ರಕ್ತದೊತ್ತಡವನ್ನು ಗೆದ್ದೇಬಿಟ್ಟರು. ಇಳಿಸಿದ್ದು ಮಾತ್ರೆಯೆಂಬ ಅಲ್ಪ ವಿಚಾರ ಅವರ ವಿಶಾಲ ತಲೆಗೆ ಹೊಳೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರನ್ನು ಹಿಡಿದು ಕೂರಿಸಿಕೊಂಡು, ಮನಸ್ಸು ಗಟ್ಟಿಯಿದ್ದರೆ ಮದ್ದು ಯಾಕೆ ಎಂದು ಉಪದೇಶ ಮಾಡಿದರು. ಅದೂ ಅಲ್ಲದೆ ಮಾತ್ರೆ ನುಂಗಿದರೆ ತಲೆ ಹಗುರವಾದಂತಾಗುತ್ತದಂತೆ. ಗುರು ಎಂದರೆ ಭಾರ, ಲಘು ಎಂದರೆ ಹಗುರ. ಗುರುವನ್ನು ಲಘು ಮಾಡುವುದು ನಿಯಮಕ್ಕೇ ವಿರುದ್ಧ ಎಂದರು. ಡ್ರಾಯಿಂಗ್ ಮೇಷ್ಟ್ರು ಡಾಕ್ಟರನ್ನು ಕೇಳಿದಿರಾ ಎಂದದ್ದಕ್ಕೆ, ಡಾಕ್ಟರಿಗೆ ಛಂದಸ್ಸು ಬರುತ್ತದಾ ಎಂದು ಕೇಳಿ ಬಾಯಿ ಮುಚ್ಚಿಸಿದರು.

ಅಂದಿನಿಂದ ತಟ್ಟೆಯ ಪಕ್ಕದ ಮಾತ್ರೆ ನೇರವಾಗಿ ಕೋಟಿನ ಜೇಬಿಗೆ ಇಳಿಯತೊಡಗಿತು. ಆ ಜೇಬಿನಲ್ಲಿ ಮೊದಲೇ ಸೀಮೆಸುಣ್ಣದ ಚೂರುಗಳು ಕಾಪುರ ಹೂಡಿದ್ದವು. ಬಿಳಿಯ ಜೊತೆ ಬಿಳಿ ಸೇರಿಕೊಂಡಿತು. ಒಂದು ದಿನ ಮೇಷ್ಟ್ರು ಪಾಠದ ಭರದಲ್ಲಿ ಜೇಬಿಗೆ ಕೈಹಾಕಿ ಸಿಕ್ಕಿದ್ದನ್ನು ತೆಗೆದು ಕಪ್ಪುಹಲಗೆಯ ಮೇಲೆ ಎಷ್ಟು ಉಜ್ಜಿದರೂ ಅಕ್ಷರ ಮೂಡಲಿಲ್ಲ. ಸೀಮೆಸುಣ್ಣದ ಗುಣಮಟ್ಟ ಕೆಟ್ಟುಹೋಗಿದೆ ಎಂದು ಶಾಲೆಯ ಆಡಳಿತವನ್ನು ಬೈದು ಬೇರೆ ಚೂರು ತೆಗೆದುಕೊಂಡರು.

ಹೀಗಿರುವಾಗ ಹೆಡ್ ಮೇಡಂ ಬಾಂಬು ಹಾಕಿದರು. ಮರುದಿನ ಮೇಲಧಿಕಾರಿ ತಪಾಸಣೆಗೆ ಬರುತ್ತಾರೆ, ಛಂದಸ್ಸಿನ ಪಾಠವನ್ನೇ ನೋಡುತ್ತಾರೆ. ಅವರಿಗೆ ಹಿಡಿಸದಿದ್ದರೆ ಆ ಪೀರಿಯಡ್ಡನ್ನು ತೆಗೆದು ಆ ಹೊತ್ತಿಗೆ ಕಂಪ್ಯೂಟರ್ ಹಾಕುತ್ತಾರೆ. ಮೇಷ್ಟ್ರಿಗೆ ಆಟದ ಸಾಮಾನಿನ ಕೋಣೆಯ ಬೀಗದ ಕೈ ಕೊಡುತ್ತಾರೆ. ಮೇಷ್ಟ್ರಿಗೆ ನಿಜಕ್ಕೂ ಭಯವಾಯಿತು. ಜಂಬ ಏನೇ ಇರಲಿ, ಆ ಪೀರಿಯಡ್ ಎಂದರೆ ಅವರಿಗೆ ಪ್ರಾಣ. ಮಕ್ಕಳು ಒಟ್ಟಾಗಿ ತಾಳ ಹಾಕಿ ಪದ್ಯ ಹೇಳುವುದನ್ನು ಕೇಳದೆ ಕ್ರಿಕೆಟ್ ಬ್ಯಾಟುಗಳಿಗೆ ಎಣ್ಣೆ ಸವರುತ್ತ ಕೂರುವುದನ್ನು ನೆನೆದು ಅವರು ಸ್ಟಾಫ್ ರೂಮಿನಲ್ಲಿ ಹಣೆ ಒತ್ತಿಕೊಂಡು ಕೂತರು.

ಅದನ್ನು ಕಂಡ ಡ್ರಾಯಿಂಗ್ ಮೇಷ್ಟ್ರು ತಮ್ಮ ಅತ್ತೆಗೆಂದು ಕೊಂಡಿದ್ದ ಯಂತ್ರವನ್ನು ಚೀಲದಿಂದ ತೆಗೆದು ತೋಳಿಗೆ ಸುತ್ತಿಯೇ ಬಿಟ್ಟರು. ಅಂಕಿ ನೋಡಿ ಅವರ ಮುಖದ ಬಣ್ಣವೇ ಹೋಯಿತು.

"ಮೇಷ್ಟ್ರೇ, ಇದನ್ನ ನೋಡಿದ್ರೆ ನನಗೇ ಬಿ.ಪಿ. ಬರೋ ಹಾಗಿದೆ. ಈಗಲೇ ಡಾಕ್ಟರ ಹತ್ರ ಹೋಗಿ."

ಹೋದರೆ ಡಾಕ್ಟರಮ್ಮ ಬೈಯುತ್ತಾರೆ, ಮೂರು ದಿನ ರಜೆ ಹಾಕಿ ಮಲಗಿ ಎನ್ನುತ್ತಾರೆ. ಮೇಷ್ಟ್ರು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಇಸ್ತ್ರಿಯಾದ ಕೋಟು ನೇತಾಡುತ್ತಿತ್ತು, ಕಾಫಿ ಕಾದಿತ್ತು, ತಟ್ಟೆಯ ಪಕ್ಕದಲ್ಲಿ ಮಾತ್ರ ಮಾತ್ರೆಯಿರಲಿಲ್ಲ. ಇಂಥ ದಿನವೇ ಮರೆತು ಹೋಗಿದ್ದಾಳಲ್ಲ ಎಂದು ಹೆಂಡತಿಯ ಜವಾಬ್ದಾರಿಗೇಡಿತನಕ್ಕೆ ಲೊಚಗುಟ್ಟಿದರು. ಕಾಫಿ ಕಹಿಯಾಗಿತ್ತು. ಹೆದರಿದ ಬಾಯಿಗೆ ಎಲ್ಲವೂ ಕಹಿಯೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಕುಡಿದು ಮುಗಿಸಿದರು.

ಆಮೇಲೆ ಕಪಾಟಿನಿಂದ ಮಾತ್ರೆಯ ಪಟ್ಟಿ ತೆಗೆದರು. ಇಷ್ಟು ದಿನ ಬಿಟ್ಟದ್ದನ್ನು ಒಂದರಲ್ಲಿ ಸರಿದೂಗಿಸುವುದು ಹೇಗೆ? ಶಾಸ್ತ್ರ ಕೈಹಿಡಿಯಿತು. ಒಂದು ಮಾತ್ರೆ ಲಘುಗಳಿಗೆ, ಅಂದರೆ ಸಾಮಾನ್ಯ ಜನರಿಗೆ. ತಾವೋ, ಊರಿಗೆಲ್ಲ ಗುರು. ಎರಡು ಮಾತ್ರೆಗಳನ್ನು ಬರಿಹೊಟ್ಟೆಗೆ ಇಳಿಸಿ ತಿಂಡಿಯನ್ನು ಮುಟ್ಟದೆ ಶಾಲೆಗೆ ನಡೆದರು.

ಪಾಠ ಅಮೋಘವಾಗಿ ಶುರುವಾಯಿತು. ಹಿಂದಿನ ಬೆಂಚಿನಲ್ಲಿ ಮೇಲಧಿಕಾರಿ, ಪಕ್ಕದಲ್ಲಿ ಹೆಡ್ ಮೇಡಂ. ಲಘು ಮುಗಿಯಿತು, ಗುರು ಮುಗಿಯಿತು. ಮೂರು ಮಾತ್ರೆಯ ಪ್ಲುತಕ್ಕೆ ಬಂದರು. ದೂರದವರನ್ನು ಕೂಗುವಾಗ, ಗೋಳಾಡುವಾಗ ಸ್ವರವನ್ನು ಉದ್ದಕ್ಕೆ ಎಳೆಯುತ್ತೇವಲ್ಲ, ಅದೇ ಪ್ಲುತ ಎಂದರು.

"ಒಂದು ಉದಾಹರಣೆ ಕೊಡಿ ನೋಡೋಣ" ಎಂದರು ಅಧಿಕಾರಿ.

ಅದೇ ಗಳಿಗೆಗೆ ಸೀಮೆಸುಣ್ಣ ಕೈಜಾರಿತು. ಮೇಷ್ಟ್ರು ಬಗ್ಗಿ ಎತ್ತಿಕೊಂಡು ಅಧಿಕಾರಿಯ ಮುಂದೆ ಚುರುಕುತನ ತೋರಿಸಲು ದಡಕ್ಕನೆ ಎದ್ದರು. ತರಗತಿ ಎಡಕ್ಕೆ ವಾಲಿತು, ಕಪ್ಪುಹಲಗೆ ಬಲಕ್ಕೆ ವಾಲಿತು, ಕಣ್ಣಿಗೆ ಕತ್ತಲೆ ಕವಿಯಿತು. "ಅಯ್ಯೋ..." ಎಂದು ಉದ್ದಕ್ಕೆ ಎಳೆಯುತ್ತ, ಮೂವತ್ತು ವರ್ಷ ತಾವು ನಡೆದಾಡಿದ ನೆಲವನ್ನು ಕಚ್ಚಿದರು.

ಮುಂದಿನ ಬೆಂಚಿನ ಜಾಣೆಯೊಬ್ಬಳು ಬೆರಳು ಮಡಚಿ ಎಣಿಸಿ ಕೈಯೆತ್ತಿದಳು.

"ಮೂರು ಮಾತ್ರೆ ಸರ್. ಪ್ಲುತ."

ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ತಟ್ಟಿದರು. ಇಡೀ ತರಗತಿ ತಟ್ಟಿತು. ಮೇಷ್ಟ್ರು ಏಳಲಿಲ್ಲ. ಇಂಥ ಅಭಿನಯವನ್ನು ತಮ್ಮ ಸೇವೆಯಲ್ಲೇ ನೋಡಿಲ್ಲವೆಂದೂ, ನಾವು ಹೊರಡುವ ತನಕ ಪಾತ್ರದಿಂದ ಹೊರಬರಲಿಲ್ಲ ನೋಡಿ, ಎಂಥ ನಿಷ್ಠೆ ಎಂದೂ ಕೊಂಡಾಡುತ್ತ ಅಧಿಕಾರಿ ಮುಂದಿನ ಶಾಲೆಗೆ ಹೊರಟರು. ಅವರನ್ನು ಕಾರಿನ ತನಕ ಬಿಡಲು ಹೆಡ್ ಮೇಡಂ ಹಿಂದೆಯೇ ಓಡಿದರು. ಚಪ್ಪಾಳೆ ಕೇಳಿ ಒಳಗೆ ಬಂದ ಡ್ರಾಯಿಂಗ್ ಮೇಷ್ಟ್ರಿಗೆ ಒಬ್ಬರಿಗೇ, ಬಿದ್ದವರ ಹಣೆ ತಣ್ಣಗೆ ಬೆವರಿದ್ದು ಕಂಡಿತು. ಅವರು ಮೇಷ್ಟ್ರ ಕಾಲೆತ್ತಿ ಬೆಂಚಿನ ಮೇಲಿಟ್ಟು ಬ್ರೇಕಕ್ಕನಿಗೆ ಫೋನು ಹಚ್ಚಿದರು.

ಬ್ರೇಕಕ್ಕ ಪಾಠದ ನಡುವೆ ಇದ್ದ ಕಾರನ್ನೇ ಶಾಲೆಗೆ ತಿರುಗಿಸಿದರು. ಸ್ಟೀರಿಂಗ್ ಹಿಡಿದಿದ್ದವರು ಅವರ ಹೊಸ ಶಿಷ್ಯ, ಪೇಟೆಯ ಟೈಲರು. ಸೀಟು ಬದಲಾಯಿಸುವಷ್ಟೂ ಪುರುಸೊತ್ತಿಲ್ಲವೆಂದು ಹಾಗೆಯೇ ಮೇಷ್ಟ್ರನ್ನು ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ಟೈಲರು ಹೊಲಿಗೆ ಯಂತ್ರದ ರೂಢಿಯಲ್ಲಿ ಪೆಡಲನ್ನು ಒಂದೇ ಸಮ ತುಳಿದರು. ಬ್ರೇಕಕ್ಕ ಒಂದೇ ಸಮ ಬ್ರೇಕ್ ಒತ್ತಿದರು. ಕಾರು ರಸ್ತೆಯುದ್ದಕ್ಕೂ ಹೊಲಿಗೆಯ ಟಾಕಾ ಹಾಕುತ್ತ ಸಾಗಿತು. ಪಾತಾಳ ಕಂಡಿದ್ದ ಮೇಷ್ಟ್ರ ಬಿ.ಪಿ. ಅರ್ಧದಾರಿಯಲ್ಲೇ ಭಯದಿಂದ ಮೇಲೇಳತೊಡಗಿತು.

ಡಾಕ್ಟರಮ್ಮ ಪರೀಕ್ಷಿಸಿ, ಬೆಳಿಗ್ಗೆ ಎಷ್ಟು ತೆಗೆದುಕೊಂಡಿರಿ ಎಂದರು. ಮೇಷ್ಟ್ರು ಎರಡು ಬೆರಳು ತೋರಿಸಿದರು. ಬ್ರೇಕಕ್ಕನ ಮುಖ ಬಿಳಿಚಿತು.

"ಎರಡಾ? ರೀ, ನಾನೇ ಒಂದನ್ನ ಪುಡಿ ಮಾಡಿ ಕಾಫಿಗೆ ಹಾಕಿದ್ದೆ."

ಹಿಂದಿನ ಸಂಜೆ ಕೋಟು ಇಸ್ತ್ರಿ ಮಾಡಲು ಜೇಬು ಬರಿದು ಮಾಡಿದಾಗ ಸೀಮೆಸುಣ್ಣದ ಜೊತೆ ಮಾತ್ರೆಗಳೆಲ್ಲ ಉದುರಿದ್ದವಂತೆ. ಬಾಯಿಮಾತಿನಲ್ಲಿ ಹೇಳಿದರೆ ಕೇಳುವ ಪ್ರಾಣಿಯಲ್ಲವೆಂದು ಅವರು ಕಾಫಿಯ ದಾರಿ ಹಿಡಿದಿದ್ದರು.

"ಒಟ್ಟು ಮೂರು ಮಾತ್ರೆ" ಎಂದರು ಡಾಕ್ಟರಮ್ಮ.

"ಪ್ಲುತ" ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ.

ಡಾಕ್ಟರಮ್ಮ ಇಬ್ಬರಿಗೂ ಸರಿಯಾಗಿ ಬಿಸಿ ಮುಟ್ಟಿಸಿದರು. ಒಬ್ಬರು ಕದ್ದು ಬಿಡುವುದು, ಇನ್ನೊಬ್ಬರು ಕದ್ದು ಕುಡಿಸುವುದು. ಇದೇನು ಸಂಸಾರವೋ ಕಣ್ಣಾಮುಚ್ಚಾಲೆಯೋ ಎಂದರು. ಮದ್ದು ಒಗ್ಗದಿದ್ದರೆ ಬಂದು ಹೇಳಬೇಕು, ಬದಲಾಯಿಸಲು ನಾನಿದ್ದೇನೆ ಎಂದರು. ಬಿ.ಪಿ. ಇಳಿದಿತ್ತಲ್ಲ, ಅದಕ್ಕೇ ಬಿಟ್ಟೆ ಎಂದು ಮೇಷ್ಟ್ರು ಗೊಣಗಿದ್ದನ್ನು ಕೇಳಿ ಬ್ರೇಕಕ್ಕನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

"ಬ್ರೇಕ್ ಚೆನ್ನಾಗಿ ಹಿಡೀತಿದೆ ಅಂತ ಬ್ರೇಕನ್ನೇ ಬಿಚ್ಚಿ ಎಸೀತಾರೇನ್ರೀ ಯಾರಾದರೂ? ನಿಮಗೇನಾದ್ರೂ ಆಗಿದ್ರೆ ನಾನು ಯಾರ ಜೊತೆ ಜಗಳ ಆಡಲಿ?"

ಹೆಂಡತಿಯ ಆ ಮಾತಿನಲ್ಲಿ ಎಷ್ಟು ಮಾತ್ರೆಗಳಿವೆ ಎಂದು ಎಣಿಸಲು ಮೇಷ್ಟ್ರ ಬೆರಳೇ ಏಳಲಿಲ್ಲ. ತಪ್ಪಾಯಿತು ಕಣೇ ಎಂದು ಮೊದಲ ಸಲ, ಛಂದಸ್ಸಿಲ್ಲದೆ, ಹೇಳಿದರು.

ಅವರು ಮನೆಗೆ ಮರಳಿದ ಮೇಲೆ ಹೆಡ್ ಮೇಡಂ ನೋಡಲು ಬಂದರು. ಪಾಠಕ್ಕಾಗಿ ಬಿದ್ದು ಸೊಂಟ ಉಳುಕಿಸಿಕೊಂಡರೆಂದೇ ಅವರು ತಿಳಿದಿದ್ದರು. ಪೀರಿಯಡ್ ಉಳಿಯಿತು, ಬೀಗದ ಕೈ ತಪ್ಪಿತು ಎಂದಾಗ ಮೇಷ್ಟ್ರ ಕಣ್ಣಲ್ಲಿ ನೀರಾಡಿತು.

"ಇನ್ನೂ ಇದೆ ಮೇಷ್ಟ್ರೇ. ಎಲ್ಲ ಶಾಲೆಯ ಮೇಷ್ಟ್ರುಗಳನ್ನೂ ಸೇರಿಸ್ತಾರಂತೆ. ಅವರ ಮುಂದೆ ನೀವು ಅದೇ ಪಾಠ ಮಾಡಬೇಕಂತೆ. ಬೀಳೋದನ್ನ ಮಾತ್ರ ಯಾವ ಕಾರಣಕ್ಕೂ ಬಿಡಬಾರದು ಅಂತ ಒತ್ತಿ ಹೇಳಿದ್ದಾರೆ."

ನಿಜ ಹೇಳಿದರೆ ಪೀರಿಯಡ್ ಹೋಗುತ್ತದೆ. ಮೇಷ್ಟ್ರು ಸೊಂಟ ನೀವಿಕೊಂಡು, ಆಗಲಿ ಎಂದರು.

ಹಾಗಾಗಿ ಈಗ ಪ್ರತಿ ಸಂಜೆ ಆ ಮನೆಯ ನಡುಕೋಣೆಯಲ್ಲಿ ಹಾಸಿಗೆ ಹಾಸಿ ಅಭ್ಯಾಸ ನಡೆಯುತ್ತದೆ. ಡಾಕ್ಟರಮ್ಮನ ಒಪ್ಪಿಗೆಯಿದೆ; ಏಳುವಾಗ ನಿಧಾನ ಎಂಬುದೊಂದೇ ಷರತ್ತು. ಕಲಿಸುವವರು ಬ್ರೇಕಕ್ಕ. ಹಿಂದೆ ಯಾರಿದ್ದಾರೆ ನೋಡಿಕೊಳ್ಳಿ, ಎಡಕ್ಕೆ ವಾಲಿ, ಮಂಡಿ ಮೊದಲು ಎಂದು ಹೊಸ ಶಿಷ್ಯನಿಗೆ ಹೇಳುವಂತೆ ಹೇಳುತ್ತಾರೆ.

"ಬೆಳಿಗ್ಗೆ ಮಾತ್ರೆ ತಗೊಂಡ್ರಾ?"

"ನಿನ್ನ ಕಣ್ಣೆದುರಿಗೇ ತಗೊಂಡೆನಲ್ಲೇ."

"ಎಷ್ಟು?"

"ಒಂದೇ."

"ತಲೆ ಸುತ್ತುತ್ತಾ ಇದೆಯಾ?"

"ಇಲ್ಲ ಕಣೇ, ಚೆನ್ನಾಗಿದ್ದೀನಿ."

"ಸರಿ, ಈಗ ಬೀಳಿ."